ಒಂದು ಪಲ್ಲೆ ಒಲ್ಲೆ ಅನ್ರಿ

"ಪಲ್ಲೆ ಹೆಂಗಿತ್ರಿ?" ಎಂದು ಮಂದಾಕಿನಿ ಕೇಳಿದಳು.

"ಛಲೋ ಇತ್ರಿ" ಎಂದ ರಮಾಕಾಂತ.

"ಉಪ್ಪ ಹಾಕಿದ್ದಿಲ್ರಿ ಅದಕ್ಕ."

ರಮಾಕಾಂತ ಎಲೆ ನೋಡಿಕೊಂಡ. ಹೀರೀಕಾಯಿಯ ಒಂದು ಹೋಳೂ ಉಳಿದಿರಲಿಲ್ಲ. ಪಂಕ್ತಿಯ ಹುಡುಗರೆಲ್ಲ ಉಪ್ಪು ಉಪ್ಪು ಎಂದು ಕೂಗಿದ್ದು ಅವನ ಕಿವಿಗೂ ಬಿದ್ದಿತ್ತು. ಅದು ತನ್ನ ಎಲೆಗೂ ಸಂಬಂಧಿಸಿದ ಮಾತು ಎಂದು ಮಾತ್ರ ಅವನಿಗೆ ಅನ್ನಿಸಿರಲಿಲ್ಲ.

"ನಾಚಗೊಂಡು ತಿಂದ್ರೇನು?"

"ಇಲ್ರಿ. ಗೊತ್ತಾಗಲಿಲ್ಲ."

ತನ್ನನ್ನು ಅಣಕಿಸುತ್ತಿದ್ದಾನೆಂದು ಮಂದಾಕಿನಿ ಮುಖ ಗಂಟಿಕ್ಕಿಕೊಂಡು ಒಳಗೆ ಹೋದಳು. ಅವನು ಕೈ ತೊಳೆದುಕೊಂಡು ಸಾಲೆಗೆ ಹೋದ.

ಮಾಳಮಡ್ಡಿಯ ಈ ಖಾನಾವಳಿ ಅವಳ ತಾಯಿ ತುಂಗಾಬಾಯಿಯದು. ಊಟಕ್ಕೆ ಬರುವವರು ಹೆಚ್ಚಾಗಿ ಮ್ಯಾಟ್ರಿಕ್ ಹುಡುಗರು. ರಮಾಕಾಂತ ಡ್ರಾಯಿಂಗ್ ಮಾಸ್ತರ. ಅವನ ಹೆಂಡತಿ ವತ್ಸಲಾ ವಿಷಮಜ್ವರದಲ್ಲಿ ತೀರಿಕೊಂಡು ವರ್ಷ ಕಳೆದಿತ್ತು. ಮನೆಯಲ್ಲಿ ಒಲೆ ಹೊತ್ತಿಸುವವರಿಲ್ಲದೆ ಇಲ್ಲಿಗೆ ಬರತೊಡಗಿದ್ದ. ಮಂದಾಕಿನಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ಯಾರ ಎಲೆಯಲ್ಲಿ ಏನು ಉಳಿಯುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಉಳಿಸುವುದಕ್ಕೆ ಒಬ್ಬೊಬ್ಬರದು ಒಂದೊಂದು ನೆವ. ತೊಂಡೆಕಾಯಿ ತಿಂದರೆ ಬುದ್ಧಿ ಮಂದವಾಗುತ್ತದೆಂದು ಪರೀಕ್ಷೆ ಹತ್ತಿರ ಬಂದಂತೆ ಹುಡುಗರು ಅದನ್ನು ಮುಟ್ಟುತ್ತಿರಲಿಲ್ಲ. ಹಾಗೆಂದು ಅವರೆಲ್ಲ ಪಾಸಾದರೆಂದೇನೂ ಅಲ್ಲ. ಪಡವಲಕಾಯಿ ಹಾವಿನಂತೆ ಕಾಣುತ್ತದೆಂದು ಒಬ್ಬ ಕಣ್ಣು ಮುಚ್ಚುತ್ತಿದ್ದ. ಚವಳಿಕಾಯಿಯೆಂದರೆ ಇಡೀ ಪಂಕ್ತಿಯೇ ಮೂಗು ಮುರಿಯುತ್ತಿತ್ತು. ನಾರು, ವಗರು, ಮೇಲೆ ಹೊಟ್ಟೆ ಉಬ್ಬರ. ಹಾಗಲಕಾಯಿಯಂತೂ ಆ ಮನೆಯೊಳಗೆ ಬರುತ್ತಲೇ ಇರಲಿಲ್ಲ. ತಿಥಿಗೆ ಬೇಕೇಬೇಕಾದ ಕಾಯಿ ಅದು. ಹಿಂದೊಮ್ಮೆ ಬಡಿಸಿದಾಗ, "ಯಾರು ಸತ್ತಾರ್ರಿ ಅಬಚಿ?" ಎಂದು ಹುಡುಗರು ತುಂಗಾಬಾಯಿಯನ್ನು ಕೇಳಿದ್ದರು.

ರಮಾಕಾಂತನ ಎಲೆಯಲ್ಲಿ ಮಾತ್ರ ಏನೂ ಉಳಿಯುತ್ತಿರಲಿಲ್ಲ. ಅವನು ಅಣಕಿಸುತ್ತಿಲ್ಲ ಎಂಬುದು ಮಂದಾಕಿನಿಗೆ ಬರಬರುತ್ತ ತಿಳಿಯಿತು. ಒಮ್ಮೆ ಸಾರಿಗೆ ಖಾರ ಸುರಿದಳು. ಅವನು ಉಂಡೆದ್ದ. ಒಮ್ಮೆ ಪಂಕ್ತಿಗೆಲ್ಲ ತುಪ್ಪ ಬಡಿಸಿ ಅವನೊಬ್ಬನನ್ನೇ ದಾಟಿ ಹೋಗಿ, ಬಾಗಿಲ ಮರೆಯಿಂದ ನೋಡಿದಳು. ಅವನು ಕೇಳಲಿಲ್ಲ. ಆದರೆ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಅವಳು ಥಟ್ಟನೆ ಒಳಸರಿದಳು. ಬಳೆ ಚೌಕಟ್ಟಿಗೆ ತಾಗಿ ಸದ್ದಾಯಿತು.

ಆ ಸದ್ದು ಅವನಿಗೆ ಗೊತ್ತಿತ್ತು. ಅವಳು ಬಡಿಸದ ದಿನವೂ ಗೊತ್ತಾಗುತ್ತಿತ್ತು. ಅಷ್ಟೇ ಅವನಿಗೆ ಗೊತ್ತಾಗುತ್ತಿದ್ದದ್ದು.

ಬೇಸಿಗೆ ಮುಗಿಯುವ ಹೊತ್ತಿಗೆ ತುಂಗಾಬಾಯಿ ಅವನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ನೇರವಾಗಿ ಕೇಳಿದಳು. "ಗದಗಿನಿಂದ ಒಂದು ಸಂಬಂಧ ಬಂದದ ಮಾಸ್ತರ. ಆಷಾಢದೊಳಗ ಏನರೆ ಒಂದು ಹೇಳಬೇಕು. ಆದ್ರ ಹುಡುಗಿ ಮನಸ ನಿಮ್ಮ ಕಡೆ ಅದ ಅಂತ ನನಗ ಕಾಣಸ್ತದ. ನೀವೇನಂತೀರಿ?"

"ಆಗಲಿರಿ" ಎಂದ ರಮಾಕಾಂತ, ಇನ್ನಷ್ಟು ಅನ್ನ ಬಡಿಸಲೇ ಎಂದು ಕೇಳಿದಾಗ ಹೇಳುವಂತೆಯೇ.

ಒಳಗಿನಿಂದ ಮಂದಾಕಿನಿ ಬಂದಳು. ಕೈಗೆ ಹಿಟ್ಟು ಹತ್ತಿತ್ತು. "ನಾ ಒಲ್ಲೆ."

"ಹುಚ್ಚೀ!" ಎಂದಳು ತಾಯಿ.

"ಉಪ್ಪಿಲ್ಲದ್ದಕ್ಕೂ ಛಲೋ ಅಂದ್ರು, ನನಗೂ ಆಗಲಿ ಅಂದ್ರು. ಅಪ್ಪ ಹಂಗ ಇದ್ದ. ಒಂದ ದಿನ ಛಲೋ ಅನ್ನಲಿಲ್ಲ, ಕೆಟ್ಟ ಅನ್ನಲಿಲ್ಲ. ಅವ್ವಾ, ನೀ ಜನ್ಮಪೂರ್ತಿ ಗ್ವಾಡಿಗೆ ಬಡಿಸಿದಿ." ಆಮೇಲೆ ಅವನ ಕಡೆ ತಿರುಗಿದಳು. ಧ್ವನಿ ಸ್ವಲ್ಪ ಮೆತ್ತಗಾಯಿತು. "ಮಾಸ್ತರ, ಒಂದು ಪಲ್ಲೆ ಒಲ್ಲೆ ಅನ್ರಿ. ಖರೇ ಒಲ್ಲೆ ಅನಿಸಿ ಅನ್ರಿ. ಅವತ್ತ ನಾ ಹೂಂ ಅಂತೀನಿ."

ಸುಳ್ಳು ಹೇಳುವುದು ಸುಲಭವೆಂದು ರಮಾಕಾಂತನಿಗೆ ಅನ್ನಿಸಿತು. ಮರುದಿನ ಹೀರೀಕಾಯಿಯನ್ನು ಎಲೆಯ ಅಂಚಿಗೆ ಸರಿಸಿದ.

"ಯಾಕ್ರಿ?" ಎಂದಳು ಮಂದಾಕಿನಿ.

ಅವನು ಯೋಚಿಸಿದ. ಯಾಕೆ ಎಂಬುದಕ್ಕೆ ಏನೂ ಹೊಳೆಯಲಿಲ್ಲ.

"ಕಾರಣ ಇಲ್ಲದ ಯಾರೂ ಒಲ್ಲೆ ಅನ್ನೂದಿಲ್ರಿ" ಎಂದು ಅವಳು ನಕ್ಕಳು. ತುಟಿ ನಕ್ಕಿತು, ಕಣ್ಣು ನಗಲಿಲ್ಲ. ಅವನು ಹೀರೀಕಾಯಿಯನ್ನು ಮತ್ತೆ ಹತ್ತಿರ ಎಳೆದುಕೊಂಡು ತಿಂದ.

ಅವಳು ಗದಗಿಗೆ ಹೋಗಬಾರದು ಎಂದು ಅವನಿಗೆ ಅನ್ನಿಸುತ್ತಿತ್ತು. ಆದರೆ ಆ ಅನ್ನಿಸಿಕೆ ಪಕ್ಕದ ಮನೆಯವರ ಮಾತಿನ ಹಾಗೆ ಗೋಡೆಯಾಚೆಯಿಂದ ಬರುತ್ತಿತ್ತು. ಕಿವಿಗೊಟ್ಟರೂ ಪೂರ್ತಿ ಕೇಳಿಸುತ್ತಿರಲಿಲ್ಲ. ಕಾರಹುಣ್ಣಿಮೆ ಮುಗಿಯಿತು. ಗದಗಿನವರು ನಿಶ್ಚಯದ ವೀಳ್ಯಕ್ಕೆ ದಿನ ಗೊತ್ತು ಮಾಡಿಕೊಂಡು ಬರುವುದಾಗಿ ಹೇಳಿ ಕಳಿಸಿದರು. ಹುಡುಗರು ಮಾತಾಡಿಕೊಳ್ಳುವುದನ್ನು ಕೇಳಿ ರಮಾಕಾಂತ ತಲೆಯಾಡಿಸಿದ.

ಅವರು ಬರುವ ಹಿಂದಿನ ದಿನ, ಅಮರಗೋಳದಿಂದ ಕಾಯಿಪಲ್ಲೆ ತರುವ ಫಕೀರವ್ವನ ಬುಟ್ಟಿಯಲ್ಲಿ ಎಳೆ ಹಾಗಲಕಾಯಿ ಇದ್ದವು.

"ನಿಮ್ಮ ಮನ್ಯಾಗ ಇದನ್ನ ತಗೊಳ್ಳಂಗಿಲ್ಲಲ್ಲ ಯವ್ವಾ" ಎಂದಳು ಫಕೀರವ್ವ.

"ಇವತ್ತ ಕೊಡು" ಎಂದಳು ಮಂದಾಕಿನಿ.

ಎಲ್ಲರ ಊಟ ಮುಗಿದ ಮೇಲೆ ರಮಾಕಾಂತನೊಬ್ಬನನ್ನೇ ಕೂಡಿಸಿದಳು. ತಾಯಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಹಾಗಲಕಾಯಿ ಪಲ್ಲೆ ಎಲೆಗೆ ಬಿದ್ದದ್ದೇ ರಮಾಕಾಂತನ ಕೈ ನಿಂತಿತು.

"ಇವತ್ತ ಯಾರ ತಿಥಿನೂ ಇಲ್ರಿ. ಉಣ್ರಿ."

"ಇದೂ ನನಗ ಕಹಿ ಹತ್ತೂದಿಲ್ರಿ" ಎಂದ ಅವನು. ಅಷ್ಟು ಉದ್ದದ ಮಾತನ್ನು ಅವನು ಆ ಮನೆಯಲ್ಲಿ ಆಡಿದ್ದೇ ಕಡಿಮೆ. "ವತ್ಸಲಾನ ಮೊದಲನೇ ಮಾಸಿಕದ ದಿನಾನ ನೋಡಿದೆ. ಅಳ್ತಾನೇನೋ ಅಂತ ಎಲ್ಲಾರೂ ನನ್ನ ಮಾರಿ ನೋಡ್ಲಿಕ್ಕೆ ಹತ್ತಿದ್ರು. ನಾ ಹಾಗಲಕಾಯಿ ತಿಂದೆ. ಕಹಿ ಇರಲಿಲ್ಲ. ಸಪ್ಪಗ ಇತ್ತು. ಅವತ್ತಿನಿಂದ ಎಲ್ಲಾನೂ ಹಂಗ ಅದ."

ಮಂದಾಕಿನಿ ಕಂಬಕ್ಕೆ ಒರಗಿ ಕುಳಿತಳು. ಮತ್ತೆ ಪಲ್ಲೆಯ ಪ್ರಶ್ನೆಯನ್ನೇ ಕೇಳಿದಳು, ಆದರೆ ಇನ್ನೊಬ್ಬಳ ಬಗ್ಗೆ.

"ಆಕಿಗೆ ಯಾವ ಪಲ್ಲೆ ಸೇರ್ತಿರಲಿಲ್ರಿ?"

ವತ್ಸಲಾ ಹೋದ ಮೇಲೆ ಎಲ್ಲರೂ ಅವನ ಬಗ್ಗೆಯೇ ಕೇಳಿದ್ದರು. ಹೇಗಿದ್ದೀ, ಉಂಡಿಯಾ, ಮುಂದೇನು. ಅವಳ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ.

"ಇದ... ಹಾಗಲಕಾಯಿ" ಎಂದ ರಮಾಕಾಂತ. "ಮನಿಗೆ ತಂದ್ರ ಜಗಳಾನ ತಗೀತಿದ್ಲು. ನಮ್ಮವ್ವ ಇದ್ದಾಗ ಒತ್ತಾಯ ಮಾಡಿದ್ರ ಸೆರಗಿನ್ಯಾಗ ಬೆಲ್ಲದ ಹಳ್ಳು ಇಟಗೊಂಡು ಕೂಡ್ತಿದ್ಲು. ಒಂದು ಹೋಳು, ಒಂದು ಹಳ್ಳು. ಆಮ್ಯಾಲ ನನ್ನ ಕಡೆ ನೋಡಿ ಹಿಂಗ..."

ಹುಬ್ಬು ಏರಿಸಿ ತೋರಿಸಲು ಹೋದವನು ಅಲ್ಲಿಗೇ ನಿಂತ.

"ಅಲ್ರಿ" ಎಂದ. "ವರ್ಷಪೂರ್ತಿ ನಾವು ಆಕಿಗೆ ಹಾಗಲಕಾಯಿ ಬಡಿಸೇವಿ. ತಿಂಗಳಾ ತಿಂಗಳಾ. ಆಕಿ ಹೆಸರಿಲೆ, ಆಕಿ ಎಲಿಗೆ. ನಾ ಅಲ್ಲೇ ಕೂತಿದ್ದೆ. ಆಕಿಗೆ ಇದು ಸೇರೂದಿಲ್ಲ ಅಂತ ಒಂದ ಮಾತ ಹೇಳಲಿಲ್ಲ."

ಅವನು ತನ್ನ ಕೈ ತನ್ನದಲ್ಲವೆಂಬಂತೆ ಎಲೆಯಿಂದ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡ. ಅಗಿದ. ಮುಖ ಕಿವುಚಿತು. ಕಹಿ ನಾಲಿಗೆಯಿಂದ ಗಂಟಲಿಗೆ ಇಳಿಯಿತು, ಕಿವಿಯ ಹಿಂದಿನವರೆಗೂ ಹತ್ತಿತು, ಕಣ್ಣಲ್ಲಿ ನೀರು ಬಂತು. ಬಂದ ನೀರು ನಿಲ್ಲಲಿಲ್ಲ. ಎಂಜಲು ಕೈಯಲ್ಲೇ ಎಲೆಯನ್ನು ದೂರ ತಳ್ಳಿದ.

"ಒಲ್ಲೆ" ಎಂದ. "ಮಂದಾಕಿನಿ, ನಾ ಇದನ್ನ ಒಲ್ಲೆ. ಭಾಳ ಕಹಿ ಅದ."

ಒಳಗೆ ಅಕ್ಕಿ ಆರಿಸುವ ಸದ್ದು ನಿಂತಿತು.

ಅವನ ಅಳು ನಿಂತ ಮೇಲೆ ಮಂದಾಕಿನಿ ನೀರಿನ ತಂಬಿಗೆಯನ್ನು ಅವನತ್ತ ಸರಿಸಿದಳು. ಬಳೆ ತಂಬಿಗೆಗೆ ತಾಗಿತು.

"ಬರೋ ವರ್ಷ ಆಕಿ ತಿಥಿಗೆ ಅಡಿಗಿ ನಾ ಮಾಡ್ತೀನಿ" ಎಂದಳು. "ಹಾಗಲಕಾಯಿ ಮಾಡೂದಿಲ್ಲ. ಭಟ್ಟರು ಬೈದ್ರ ಬೈಲಿ. ಆಕಿಗೆ ಏನು ಸೇರ್ತಿತ್ತು, ಅದನ್ನ ಹೇಳ್ರಿ."

ತಿಥಿಯ ಅಡಿಗೆಗೆ ಹೊರಗಿನ ಹುಡುಗಿಯರು ಕೈ ಹಾಕುವಂತಿಲ್ಲ. ಮನೆತನದ ಸೊಸೆಯಂದಿರೇ ಮಡಿಯುಟ್ಟು ಮಾಡಬೇಕು. ಇದು ರಮಾಕಾಂತನಿಗೆ ಗೊತ್ತಿದ್ದ ಮಾತೇ. ಆದರೂ ಅವಳು ಹೇಳಿದ್ದೇನೆಂದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಹೋದ ಮೇಲೆ ಅವನು ಅವಳ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ. ಅವಳ ಮೂಗಿನ ಮೇಲೆ ಹಿಟ್ಟು ಹತ್ತಿತ್ತು.

"ಚವಳಿಕಾಯಿ" ಎಂದ.

ಮಂದಾಕಿನಿಯ ಮುಖ ಪಂಕ್ತಿಯ ಹುಡುಗರ ಮುಖದಂತೆಯೇ ಆಯಿತು.

"ಶೀ! ಅದು ನನಗ ಒಟ್ಟ ಸೇರೂದಿಲ್ರಿ."

"ಯಾಕ್ರಿ?" ಎಂದು ಕೇಳಿದ ರಮಾಕಾಂತ. ಅದು ಅವಳದೇ ಪ್ರಶ್ನೆ. ಅದಕ್ಕೆ ಉತ್ತರ ಬೇಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

"ಹೇಳ್ತೀನಿ, ಮೊದಲ ಕೈ ತೊಳಕೊಳ್ರಿ" ಎನ್ನುತ್ತ ಮಂದಾಕಿನಿ ಅವನ ಎಲೆ ಎತ್ತಿದಳು. ಹಾಗಲಕಾಯಿ ಅದರಲ್ಲಿ ಹಾಗೇ ಉಳಿದಿತ್ತು. ಅವಳು ಒಳಗೆ ನೋಡಿ ಕೂಗಿ ಹೇಳಿದಳು: "ಅವ್ವಾ, ಗದಗಿನವರಿಗೆ ನಾಳೆ ಬರಬ್ಯಾಡ್ರಿ ಅಂತ ಹೇಳಿ ಕಳಸು."