ನಮ್ಮ ಕಡೆಯವನ ಹೋಟೆಲ್

ಬಾಗಿಲಿನ ಮೇಲಿನ ಚಿಲಕ ಕಿತ್ತು ಬಂತು.

ಕೆಳಗಿನ ಚಿಲಕ ಇನ್ನೂ ಹಿಡಿದಿತ್ತು. ಅದಕ್ಕೆ ಒತ್ತಿ ಮಂಚ. ಮಂಚಕ್ಕೆ ಬೆನ್ನು ಕೊಟ್ಟು ನಾನು.

“ಗಂಗಕ್ಕ, ಏಳಿ.”

ಇನ್ನೊಮ್ಮೆ ಕೂಗಿದೆ.

“ಹೊರಗೆ ಮೂರು ಜನ ಇದಾರೆ. ಒಬ್ಬನ ಕೈಲಿ ಗನ್ ಇದೆ. ಏಳಿ ಮಾರಾಯ್ರೆ...”

ಏಳಲಿಲ್ಲ. ಊರಿಂದ ತಂದ ಚಾಪೆಯ ಮೇಲೆ ಕೂತಿದ್ದರು. ಹಣೆಯ ತುಂಬ ವಿಭೂತಿ. ಎಡಗೈಯಲ್ಲಿ ಇಷ್ಟಲಿಂಗ. ಕಣ್ಣು ಅದರ ಮೇಲೆ. ಅವರ ಪಾಲಿಗೆ ನಾನು ಗೋಡೆಯ ಮೇಲಿನ ಹಲ್ಲಿ.

ಧಡ್! ಮಂಚ ಒಂದು ಗೇಣು ಹಿಂದೆ ಸರಿಯಿತು. ನಾನೂ ಸರಿದೆ.

ಹೊರಗಿನಿಂದ ದನಿ ಬಂತು. ಬೆಲ್ಲದ ಪಾಕದಂಥ ದನಿ.

“ಅಕ್ಕಾ... ಪೂಜೆ ಮುಗೀತಾ? ತಿಂಡಿ ಆರಿ ಹೋಗ್ತಿದೆ.”

ಅಪ್ಪಟ ಬಾಳೆಹೊನ್ನೂರಿನ ಕನ್ನಡ. ಪಶ್ಚಿಮ ಆಫ್ರಿಕಾದಲ್ಲಿ, ಬುರ್ಕಿನಾ ಫಾಸೊದ ವಾಗಡೂಗು ಅನ್ನುವ ಸುಡುವ ರಾಜಧಾನಿಯಲ್ಲಿ, ಬಾಗಿಲು ಒಡೆಸುತ್ತಿದ್ದವನ ಬಾಯಲ್ಲಿ. ಗನ್ ನೋಡಿ ನಾನು ಹೆದರಿದ್ದು ನಿಜ. ಆ ದನಿ ಕೇಳಿ ಹೇಸಿಗೆಯಾಯಿತು.

ನೀವು ಕೇಳಿದ್ದು ಹೋಟೆಲ್ ವಿಚಾರ. ಗೊತ್ತು. ಅದನ್ನೇ ಹೇಳುತ್ತಿದ್ದೇನೆ... ಕೇಳಿ.

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಹಿರೇಕೊಡಿಗೆಯ ಯಶವಂತ ಅಂದರೆ ಕೊಪ್ಪದಲ್ಲಿ ಯಾರಾದರೂ ಹೇಳುತ್ತಾರೆ. ಪೊಲೀಸ್ ಕೆಲಸ ಬಿಟ್ಟು ಇದನ್ನು ಹಿಡಿದೆ. ನಮ್ಮ ಕಡೆಯ ವ್ಯಾಪಾರಿಗಳು ಕಾಫಿ, ಮೆಣಸು, ಮೆಷಿನ್ ಅಂತ ಪರದೇಶಕ್ಕೆ ಹೊರಟರೆ ನಾನು ಮುಂಚೆ ಹೋಗುತ್ತೇನೆ. ಹೋಟೆಲ್ ಆರಿಸುತ್ತೇನೆ. ಟ್ಯಾಕ್ಸಿಯವನನ್ನು ಗೊತ್ತು ಮಾಡುತ್ತೇನೆ. ಕೇಳಲು ಚಂದ. ನಿಜ ಹೇಳಬೇಕೆಂದರೆ ಊರೂರಿನ ಬಚ್ಚಲು ಮೂಸಿ ನೋಡುವ ಕೆಲಸ.

ಗಂಗಕ್ಕ, ಅಂದರೆ ಗಂಗಾಂಬಿಕೆಯವರದು, ಬಾಳೆಹೊನ್ನೂರಿನಲ್ಲಿ ಅಡಿಕೆ ಸುಲಿಯುವ ಮೆಷಿನ್ ಮಾಡುವ ಶೆಡ್ಡು. ಗಂಡ ಹೋದ ಮೇಲೆ ಅವರೇ ನಡೆಸುತ್ತಿದ್ದಾರೆ. ವೆಲ್ಡಿಂಗ್ ಮಾಡುವವರು ಅವರೆದುರು ಬೀಡಿ ಹಚ್ಚುವುದಿಲ್ಲ. ಬುರ್ಕಿನಾ ಫಾಸೊದಲ್ಲಿ ಶಿಯಾ ಅಂತ ಒಂದು ಬೀಜ. ಅದರ ಎಣ್ಣೆ ಮುಖಕ್ಕೆ ಹಚ್ಚುವ ಕ್ರೀಮಿಗೆ ಹೋಗುತ್ತದೆ. ಗಂಗಕ್ಕ ಅಡಿಕೆ ಮೆಷಿನ್ನಿನ ಡ್ರಮ್ ಬದಲಾಯಿಸಿ, ಆ ಬೀಜದ ಸಿಪ್ಪೆ ಒಡೆಯುವ ಹಾಗೆ ಮಾಡಿದರು. ಅಲ್ಲಿನ ಹೆಂಗಸರ ಸಂಘದವರು ತಂದು ತೋರಿಸಿ ಅಂದರು. ಕೈಯಲ್ಲಿ ತಿರುಗಿಸುವ ಸಣ್ಣ ಮಾದರಿ ಡ್ರಮ್ಮೊಂದನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಇವರು ವಿಮಾನ ಹತ್ತಿದರು.

ನಾನು ಮೊದಲೇ ಹೋಗಿದ್ದೆ. ಹೋಟೆಲ್ ಹುಡುಕಿದೆ.

ಏನು ಸೆಕೆ ಅಂತೀರಿ! ನಮ್ಮ ಏಪ್ರಿಲ್ ಅಲ್ಲಿ ಚಳಿಗಾಲ ಅನ್ನಿಸಿಕೊಳ್ಳುತ್ತದೆ. ಮೊದಲ ಹೋಟೆಲಿಗೆ ಈಜುಕೊಳ ಇತ್ತು. ನೀರು ಪಾಚಿ ಹಸಿರು, ಮೇಲೆ ಸೊಳ್ಳೆ ಮರಿ. ಎರಡನೆಯದರ ಕಾರ್ಪೆಟ್ಟು ಒದ್ದೆ ಸಾಕ್ಸಿನ ವಾಸನೆ. ಮೂರನೆಯದರ ಮ್ಯಾನೇಜರ್ ರೂಮಿನ ಕೀ ಕೊಡುವ ಮೊದಲೇ ಹುಡುಗಿಯರ ಫೋಟೊ ತೋರಿಸಿದ. ಅವನ ಮೇಜಿನ ಮೇಲೆ ಅವನ ಮಗಳ ಫೋಟೊನೂ ಇತ್ತು. ಥೂ.

ನಾಲ್ಕನೆಯದು ಸರ್ಕಾರಿ ಕಚೇರಿಗಳ ಪಕ್ಕದ ಹಳದಿ ಕಟ್ಟಡ. ಒಂದೇ ಗೇಟು, ಅದೂ ಕಬ್ಬಿಣದ್ದು. ಕಾರಿನ ಅಡಿಗೆ ಕನ್ನಡಿ ಹಿಡಿದು ನೋಡುವ ಗಾರ್ಡು. ನೆಲಮಹಡಿಯಲ್ಲಿ ರೂಮೇ ಇಲ್ಲ. ಜನರೇಟರ್ ಇದೆ. ಊಟ ಮಾತ್ರ ನಾಯಿಗೂ ಬೇಡ. ಆದರೆ ಊಟ ಕೆಟ್ಟದ್ದಾದರೆ ಮನುಷ್ಯ ಸಾಯುವುದಿಲ್ಲ. ಬುಕ್ ಮಾಡಿದೆ.

ಏರ್‌ಪೋರ್ಟಿನಲ್ಲಿ ಗಂಗಕ್ಕ ಹೊರಗೆ ಬಂದರು. ನಾನು ಕೈ ಎತ್ತುವ ಮೊದಲೇ ಒಬ್ಬ ಅವರ ಕಾಲಿಗೆ ಬಿದ್ದಿದ್ದ!

“ಶರಣು ಅಕ್ಕ. ನಾನು ಶಶಿಕಿರಣ್. ಇಲ್ಲೇ ಹೋಟೆಲ್ ಇಟ್ಕೊಂಡಿದೀನಿ. ಬಾಳೆಹೊನ್ನೂರಿಂದ ಬರ್ತಿದಾರೆ ಅಂತ ಸಂಘದವರು ಹೇಳಿದ್ರು. ತಡೀಲಿಕ್ಕಾಗ್ಲಿಲ್ಲ.”

ಬಿಳಿ ಶರ್ಟು. ಹಣೆಯ ಮೇಲೆ ಮೂರು ಎಳೆ ವಿಭೂತಿ. ತಾಯಿ ಎನ್.ಆರ್. ಪುರದವರಂತೆ. ಓದಿದ್ದು ಬಾಳೆಹೊನ್ನೂರಿನಲ್ಲಂತೆ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗಳನ್ನು ಸಾಲಾಗಿ ಹೇಳಿದ.

“ಅಕ್ಕನಿಗೆ ರೂಮು ಬುಕ್ ಆಗಿದೆ” ಅಂದೆ ನಾನು.

“ಎಲ್ಲಿ? ಆ ಹಳದಿ ಹೋಟೆಲಾ? ಅಯ್ಯೋ, ಅಲ್ಲಿ ಎಲ್ಲಾ ಒಂದೇ ಬಾಣಲೇಲಿ ಹುರೀತಾರೆ ಮಾರಾಯ. ಅಕ್ಕ ಅಲ್ಲಿ ನೀರೂ ಮುಟ್ಟಂಗಿಲ್ಲ. ನಮ್ಮಲ್ಲಿ ಅಕ್ಕಿ ರೊಟ್ಟಿ ಇದೆ.”

ಗಂಗಕ್ಕ ನನ್ನ ಕಡೆ ತಿರುಗಲೇ ಇಲ್ಲ. ಅವನ ಕಾರು ಹತ್ತಿದರು.

ಅವನ ಹೋಟೆಲ್ ನೋಡಿದೆ. ನೆಲಮಹಡಿ, ಹಿಂಬದಿ ರೂಮು. ಹಿಂದೆ ಬಟ್ಟೆ ಒಗೆಯುವ ಅಂಗಳ. ಅಂಗಳಕ್ಕೆ ಬೇರೆ ಗೇಟು. ಕಿಟಕಿಗೆ ಕಬ್ಬಿಣದ ಸರಳು. ಪಕ್ಕದ ಓಣಿಯ ಕಡೆಯ ಗೋಡೆಯಲ್ಲಿ ಒಂದು ಹಳೇ ವಿಂಡೋ ಎಸಿ, ಗಾಳಿಗಿಂತ ಸದ್ದೇ ಜಾಸ್ತಿ.

“ಗಂಗಕ್ಕ, ಇದು ಬೇಡ.”

“ನಿಂಗೆ ಎಲ್ಲರ ಮೇಲೂ ಸಂಶಯ ಯಶವಂತ. ಪೊಲೀಸ್ ಬುದ್ಧಿ. ಇವನು ನಮ್ಮೋನು.”

“ನಮ್ಮೋನು ಅಂತ ಯಾರು ಹೇಳಿದ್ದು?”

“ಮುಖ ನೋಡಿದ್ರೆ ಗೊತ್ತಾಗಲ್ವಾ?”

ಶಶಿಕಿರಣ್ ರೊಟ್ಟಿ ತಂದಿಟ್ಟ. ಜೊತೆಗೆ ಕೇಳಿದ, “ಅಕ್ಕ, ಬೆಳಿಗ್ಗೆ ಪೂಜೆಗೆ ಎಷ್ಟೊತ್ತಿಗೆ ಕೂರ್ತೀರಿ? ಹುಡುಗರು ಬಾಗಿಲು ತಟ್ಟದಂಗೆ ನೋಡ್ಕೋತೀನಿ.”

ಗಂಗಕ್ಕನ ಕಣ್ಣು ಒದ್ದೆಯಾಯಿತು. “ನೋಡು, ಎಷ್ಟು ಸಂಸ್ಕಾರ” ಅಂದರು. ಹೊತ್ತು ಹೇಳಿದರು.

ರಾತ್ರಿ ನಾನೂ ಪಕ್ಕದ ರೂಮಿನಲ್ಲಿ ಉಳಿದೆ. ಮರುದಿನ ಬೆಳಿಗ್ಗೆ ಟೀಗೆ ಹೋದೆ. ಶಶಿಕಿರಣ್ ಕೌಂಟರಿನಲ್ಲಿ ನಿಂತು ಆಮ್ಲೆಟ್ ತಿನ್ನುತ್ತಿದ್ದ. ನನ್ನನ್ನು ನೋಡಿ ತಟ್ಟೆ ಸರಿಸಿದ.

“ಏನ್ರೀ, ಪೂಜೆ ಆಯ್ತಾ?” ಸುಮ್ಮನೆ ಕೇಳಿದೆ.

“ಇನ್ನೂ ಇಲ್ಲ ಮಾರಾಯ. ದಿನಾ ಮಾಡ್ತೀನಿ, ತಪ್ಸಲ್ಲ. ಲಿಂಗ ಲಾಕರಲ್ಲಿದೆ. ಇಲ್ಲಿ ಕಳ್ಳರ ಕಾಟ, ರಾತ್ರಿ ತೆಗೆದು ಇಟ್ಟುಬಿಡ್ತೀನಿ.”

ನಾನು ಲಿಂಗ ಕಟ್ಟುವ ಮನೆಯವನಲ್ಲ. ಬುದ್ಧಿವಂತ ಅಂದುಕೊಂಡೆ. ಆಮ್ಲೆಟ್ಟಿನ ವಿಷಯ ಮಾತ್ರ ಗಂಗಕ್ಕನಿಗೆ ಹೇಳಲೇಬೇಕು ಅನ್ನಿಸಿತು. ಹೊಟ್ಟೆಕಿಚ್ಚು ಅಂತ ಬೇಕಾದರೆ ಅನ್ನಿ. ಅವರು ಸ್ನಾನ ಮುಗಿಸಿ ಚಾಪೆ ಹಾಸುತ್ತಿದ್ದರು. ಹೇಳಿದೆ. ಲಾಕರಿನ ಮಾತನ್ನೂ ಹೇಳಿದೆ.

ಅವರ ಕೈ ನಿಂತಿತು.

“ಏನಂದ?”

“ಲಿಂಗ ಲಾಕರಲ್ಲಿದೆ ಅಂದ.”

“ಮೊಟ್ಟೆ ತಿನ್ನೋರು ನಮ್ಮಲ್ಲೂ ಇರ್ಬೋದು. ಲಿಂಗ ಕಟ್ಟದವ್ರೂ ಬೇಕಾದಷ್ಟು ಜನ ಇದಾರೆ. ಅದು ಬೇರೆ ಮಾತು.” ಗಂಗಕ್ಕನ ದನಿ ಸಣ್ಣದಾಯಿತು. “ಆದ್ರೆ ಕಟ್ಟೋನು, ದಿನಾ ಪೂಜೆ ಮಾಡೋನು, ಮೈಮೇಲಿಂದ ತೆಗೆದು ಲಾಕರಲ್ಲಿ ಇಡಲ್ಲ ಯಶವಂತ. ಜೀವ ಇರೋವರೆಗೂ ಇಡಲ್ಲ. ಹುಟ್ಟಿದ ಮಗೂಗೆ ಹೇಳ್ಕೊಡೋ ಮೊದಲ್ನೇ ಮಾತು ಅದು. ಇವನು ನಮ್ಮೋನಲ್ಲ.”

“ಹಾಗಾದ್ರೆ ಈಗ್ಲೇ ಹೊರಡಿ.”

“ಪೂಜೆ ಮುಗಿಸ್ಕೊಂಡು.”

“ಅಕ್ಕ...”

“ಇಷ್ಟು ವರ್ಷ ತಪ್ಪಿಸಿಲ್ಲ. ಇಂಥಾ ಬೇವರ್ಸಿಗೋಸ್ಕರ ತಪ್ಪಿಸ್ಲಾ?”

ಕೂತೇ ಬಿಟ್ಟರು. ಕೈಗೆ ಲಿಂಗ ಬಂದ ಮೇಲೆ ಮಾತಿಲ್ಲ, ಕತೆಯಿಲ್ಲ.

ನಾನು ನಮ್ಮ ಟ್ಯಾಕ್ಸಿಯವನಿಗೆ ಫೋನ್ ಮಾಡಿದೆ. ಸಲೀಫ್ ಅಂತ, ಹೊಟ್ಟೆ ಬಂದ ನಡುವಯಸ್ಸಿನವನು, ನನ್ನ ಇಂಗ್ಲಿಷಿನಷ್ಟೇ ಕೆಟ್ಟ ಇಂಗ್ಲಿಷು. ಪಕ್ಕದ ಓಣಿಗೆ ಬಾ ಅಂದೆ. ಆಮೇಲೆ ಕಾರಿಡಾರಿನಿಂದ ಅಂಗಳಕ್ಕೆ ಇಣುಕಿದೆ.

ಹಿಂದಿನ ಗೇಟು ಹಾರು ಹೊಡೆದಿತ್ತು. ಕಾವಲುಗಾರ ಇಲ್ಲ. ನಂಬರ್ ಪ್ಲೇಟಿಲ್ಲದ ಪಿಕಪ್ಪು. ಮೂರು ಜನ ಇಳಿಯುತ್ತಿದ್ದರು. ಶಶಿಕಿರಣ್ ಹಲ್ಲುಕಡ್ಡಿ ಕಚ್ಚಿಕೊಂಡು ನಮ್ಮ ಬಾಗಿಲು ತೋರಿಸಿದ. ಕುರಿ ತೋರಿಸುವ ಹಾಗೆ.

ಅರ್ಥವಾಯಿತು. ಪರದೇಶದ ವ್ಯಾಪಾರಿಗಳನ್ನು ಎತ್ತಿಕೊಂಡು ಹೋಗಿ ಉತ್ತರದ ಮರಳುಗಾಡಿನ ಬಂದೂಕಿನವರಿಗೆ ಒಪ್ಪಿಸುವ ದಂಧೆ, ಸಲೀಫ್ ಮೊದಲೇ ಹೇಳಿದ್ದ. ಒಮ್ಮೆ ಅಲ್ಲಿಗೆ ಹೋದವರು ವಾಪಸ್ಸು ಬರುವುದು ಅಪರೂಪ. ಪೂಜೆಗೆ ಕೂತವರು ಫೋನ್ ಎತ್ತುವುದಿಲ್ಲ, ಕೂಗುವುದಿಲ್ಲ, ಓಡುವುದಿಲ್ಲ. ಆ ಹೊತ್ತನ್ನು ಅವನು ಮಾರಿದ್ದ. ಗಂಗಕ್ಕ ಕಣ್ಣು ಒದ್ದೆ ಮಾಡಿಕೊಂಡು ಹೇಳಿದ ಹೊತ್ತನ್ನು!

ಒಳಗೆ ನುಗ್ಗಿ ಚಿಲಕ ಹಾಕಿದೆ. ಮಂಚ ಎಳೆದೆ. ಅಲ್ಲಿಂದ ಮುಂದಿನದು ನಿಮಗೆ ಗೊತ್ತು.

ಧಡ್! ಕೆಳಗಿನ ಚಿಲಕವೂ ಅಲ್ಲಾಡಿತು.

ಕಿಟಕಿಯ ಸರಳು ಎಳೆದು ನೋಡಿದೆ. ಅಲುಗಲಿಲ್ಲ. ಗೋಡೆಯ ಎಸಿ ಕಂಡಿತು. ಸ್ಟೂಲು ಹತ್ತಿ ಭುಜ ಕೊಟ್ಟು ದೂಡಿದೆ. ಅದರ ತಗಡು ಅಂಗೈ ಸುಟ್ಟಿತು. ಮತ್ತೆ ದೂಡಿದೆ. ಹಳೇ ಮರದ ಚೌಕಟ್ಟು ಬಿರಿಯಿತು. ಎಸಿ ಓಣಿಗೆ ಬಿದ್ದು ಚೂರಾಯಿತು. ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ತೂತು. ಬೆಂಕಿಯಂಥ ಗಾಳಿ ಒಳಗೆ ಬಂತು.

ಆಗ ಗಂಗಕ್ಕ ಎದ್ದರು. ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಕೊರಳಿಗೆ ಕಟ್ಟಿಕೊಂಡರು. ಗಂಟು ಸರಿಯಾಗಿದೆಯೋ ಅಂತ ಎಳೆದು ನೋಡಿದರು.

“ಈಗ ನಡಿ” ಅಂದರು.

“ಡ್ರಮ್ ಬಿಡಿ, ಭಾರ.”

“ನೀನು ಬೇಕಾದ್ರೆ ಇರು.”

ಚೀಲ ಮೊದಲು ಹೋಯಿತು. ಆಮೇಲೆ ಗಂಗಕ್ಕ. ಸೀರೆ ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ನಾನು ತೂತಿನಲ್ಲಿ ಅರ್ಧ ಇದ್ದಾಗ ಬಾಗಿಲು ಮುರಿಯಿತು. ಯಾರೋ ನನ್ನ ಶೂ ಹಿಡಿದ. ಶೂ ಅವನಿಗೆ ಬಿಟ್ಟೆ. ಕಾಲು ನನ್ನದು.

ಸಲೀಫನ ಹಸಿರು ಟ್ಯಾಕ್ಸಿ ಓಣಿಯ ತುದಿಯಲ್ಲಿತ್ತು.

“ಪ್ರಾಬ್ಲಂ?” ಅಂದ.

“ಬಿಗ್.”

ಅವನು ಎರಡನೇ ಪ್ರಶ್ನೆ ಕೇಳಲಿಲ್ಲ. ಕೆಂಪು ಧೂಳು ಎದ್ದಿತು. ಹಿಂದೆ ಪಿಕಪ್ಪು. ಮುಂದೆ ಊರು ತುಂಬ ಮೊಪೆಡ್ಡು, ಇರುವೆ ಸಾಲಿನ ಹಾಗೆ. ಸಲೀಫ್ ಅದರೊಳಗೆ ನುಗ್ಗಿದ. ಮಾವಿನ ಹಣ್ಣಿನ ಗಾಡಿಯೊಂದರ ಮೂಲೆ ಹಾರಿಹೋಯಿತು. ಪಿಕಪ್ಪು ಹತ್ತಿರ ಬಂತು. ಡಬ್ ಅಂತ ಹಿಂದಿನ ಗಾಜು ಒಡೆಯಿತು.

“ತಲೆ ಕೆಳಗೆ!”

ಗಂಗಕ್ಕ ಚೀಲ ತಬ್ಬಿಕೊಂಡು ಬಗ್ಗಿದರು. ಅವರ ಫೋನ್ ಬಡಿದುಕೊಂಡಿತು. ಸ್ಪೀಕರ್ ಒತ್ತಿದರು.

“ಅಕ್ಕಾ, ತಿಂಡಿ ತಿನ್ನದೇ ಹೋಗಿಬಿಟ್ರಲ್ಲ. ಬೇಜಾರಾಯ್ತು ನಂಗೆ. ವಾಪಸ್ ಬನ್ನಿ. ಓಡಿದ್ರೆ ಅವ್ರಿಗೆ ಸಿಟ್ಟು ಬರುತ್ತೆ.”

ಗಂಗಕ್ಕ ಬಗ್ಗಿಕೊಂಡೇ ಹೇಳಿದರು, “ಲಾಕರ್ ಬೀಗ ಸರಿ ಹಾಕ್ಕೊಳ್ಳೋ. ಕಳ್ಳರ ಕಾಟ ಅಂದ್ಯಲ್ಲ.”

ಆ ಕಡೆಯಿಂದ ಒಂದು ಬೈಗುಳ. ಕನ್ನಡದ್ದೇ. ನಿಮ್ಮೆದುರು ಹೇಳುವಂಥದ್ದಲ್ಲ.

ಸಲೀಫ್ ಗಕ್ಕನೆ ಎಡಕ್ಕೆ ತಿರುಗಿಸಿದ. ಕಚೇರಿಗಳ ಬೀದಿ. ಹಳದಿ ಕಟ್ಟಡ. ಗಾರ್ಡು ಕನ್ನಡಿ ಹಿಡಿದು ನಿಂತಿದ್ದ. ಒಡೆದ ಗಾಜು ನೋಡಿದ, ಹಿಂದಿನ ಪಿಕಪ್ಪು ನೋಡಿದ. ಗೇಟು ತೆಗೆದು, ನಮ್ಮನ್ನು ಒಳಗೆ ಬಿಟ್ಟು, ಮುಚ್ಚಿದ. ಸೊಂಟದ ಪಿಸ್ತೂಲಿಗೆ ಕೈ ಹಾಕಿ ನಿಂತ. ಪಿಕಪ್ಪು ನಿಧಾನ ಮಾಡಿತು... ಮುಂದೆ ಹೋಯಿತು.

ಆ ಗಾರ್ಡಿಗೆ ನಮ್ಮ ಭಾಷೆ ಬರುವುದಿಲ್ಲ. ನಾವು ಯಾವ ಊರು, ಯಾರ ಮನೆ ಅಂತ ಅವನು ಕೇಳಲಿಲ್ಲ. ಇವತ್ತಿಗೂ ಅವನ ಹೆಸರು ನನಗೆ ಗೊತ್ತಿಲ್ಲ.

ಲಾಬಿಯ ಸೋಫಾದಲ್ಲಿ ಕೂತ ಮೇಲೆ ಗಂಗಕ್ಕ ಚೀಲ ಬಿಚ್ಚಿ, ಡ್ರಮ್ ಮುರಿದಿಲ್ಲ ಅಂತ ನೋಡಿಕೊಂಡರು.

“ವಿಭೂತಿ ಹಚ್ಕೊಂಡಿದ್ದ ಯಶವಂತ. ನಾನು ಅಷ್ಟೇ ನೋಡಿದ್ದು. ನನಗೆ ನನ್ನ ಮೇಲೇ ಅಸಹ್ಯ ಆಗ್ತಿದೆ.”

ಸ್ವಲ್ಪ ಹೊತ್ತು ಅತ್ತರು. ಆಮೇಲೆ ಮುಖ ತೊಳೆದು, ಹರಿದ ಸೀರೆ ಬದಲಾಯಿಸಿ, ಮಧ್ಯಾಹ್ನ ಹೆಂಗಸರ ಸಂಘಕ್ಕೆ ಹೋಗಿ ಡ್ರಮ್ ತಿರುಗಿಸಿ ತೋರಿಸಿದರು. ಆರ್ಡರ್ ತಗೊಂಡೇ ಊರಿಗೆ ಬಂದರು. ಅಲ್ಲಿ ಇದ್ದಷ್ಟು ದಿನ ಒಣ ಬ್ರೆಡ್ಡು, ಮಾವಿನ ಹಣ್ಣು.

ಪೊಲೀಸರು ಹೋದಾಗ ಅವನ ಹೋಟೆಲಿನಲ್ಲಿ ಸಿಕ್ಕಿದ್ದು ನನ್ನ ಒಂದು ಶೂ. ಶಶಿಕಿರಣ್ ಇಲ್ಲ. ಎನ್.ಆರ್. ಪುರದಲ್ಲಿ ಮನೆ ಮನೆ ವಿಚಾರಿಸಿದೆ. ಅಂಥ ತಾಯಿಯೂ ಇಲ್ಲ, ಅಂಥ ಮಗನೂ ಇಲ್ಲ.

ಇಷ್ಟೇ ಕತೆ. ಈಗ ಹೇಳಿ ಛಾಯಾಪತಿಯವರೆ. ಶೃಂಗೇರಿಯಿಂದ ಇಲ್ಲಿವರೆಗೆ ಬಂದಿದ್ದೀರಿ. ಏಲಕ್ಕಿ ತಗೊಂಡು ಎಂಜಮೆನಾಕ್ಕೆ ಹೊರಟಿದ್ದೀರಿ. ಅದೂ ಆಫ್ರಿಕಾದ ರಾಜಧಾನಿಯೇ, ಅದೂ ಸುಡುವ ಊರೇ. ಹೋಟೆಲ್ ಆಗಲೇ ನೋಡಿದ್ದೀನಿ ಅಂದಿರಲ್ಲ. ಎಲ್ಲಿ, ಫೋನಿನಲ್ಲಿ ತೋರಿಸಿ...

ಇದು ಯಾರು, ಮಾಲೀಕರಾ?

ಶೃಂಗೇರಿಯವರಂತಾ? ಹೆಸರು ಶ್ರೀಕಂಠ ಅಂತಾ? ಅಂಗಿ ಬಿಚ್ಚಿ ಜನಿವಾರ ಕಾಣುವ ಹಾಗೆ ಫೋಟೊ ಹಾಕಿದ್ದಾನೆ ನೋಡಿ. ಹಣೆಗೆ ಗಂಧ. ಬಾಳೆಲೆ ಊಟ.

ವಿಭೂತಿ ಒರೆಸಿ ಗಂಧ ಇಟ್ಟಿದ್ದಾನೆ, ಅಷ್ಟೇ. ಮುಖ ಅದೇ. ಹಲ್ಲುಕಡ್ಡಿ ಕಚ್ಚಿದ ಆ ಬಾಯಿ ಅದೇ. ಕೊಲ್ಲೂರಿನ ಜಾತ್ರೆಯಲ್ಲಿ ನಿಲ್ಲಿಸಿದರೂ ನಾನು ಗುರುತು ಹಿಡಿಯುತ್ತೇನೆ. ನಿಮ್ಮ ಕಾಲಿಗೆ ಬೀಳುತ್ತೇನೆ, ಹೋಗಬೇಡಿ.

ಏನಂದಿರಿ?

ಇನ್ನೊಮ್ಮೆ ಹೇಳಿ.

“ಅವ್ರ ಕಡೆಯವನು ಅಂಥವನು ಇರ್ಬಹುದು ಮಾರಾಯ್ರೆ. ಇವನು ನಮ್ಮವನು.”

ಸರಿ.

ಹೊರಟವರಿಗೆ ನಮ್ಮ ಕಡೆ ‘ಹೋಗಿ ಬನ್ನಿ’ ಅನ್ನುತ್ತೇವೆ. ನಿಮಗೆ ಅಷ್ಟು ದೊಡ್ಡ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ.

ಹೋಗಿ.