ಹಿಂದೆ ಓಡಿ ಬರುವವಳು

"ಉಳಿದದ್ದೆಲ್ಲಾ ಮಾಡಿ ಕೊಡ್ತೇನ್ರಿ ಸರ್. ಕನ್ನಡಿ ಮಾತ್ರ ಹಚ್ಚಾಂಗಿಲ್ಲ."

ಪೀರಸಾಬ ಎಣ್ಣೆಗೈಯನ್ನು ಬಟ್ಟೆಗೆ ಒರೆಸುತ್ತ ಹೀಗೆಂದಾಗ ಸಿದ್ದಲಿಂಗ ಜೋರಾಗಿ ನಕ್ಕುಬಿಟ್ಟ.

ದಾಂಡೇಲಿಯ ಪೇಟೆ ಮುಗಿಯುವಲ್ಲಿ, ತಗಡಿನ ಶೆಡ್ಡಿನೊಳಗೆ ಪೀರಸಾಬನ ಗ್ಯಾರೇಜು. ಹಳೇ ಗಾಡಿಗಳಿಗೆ ಜೀವ ಕೊಡುವುದರಲ್ಲಿ ಆ ಮುದುಕನನ್ನು ಮೀರಿಸಿದವರು ಸುತ್ತಮುತ್ತ ಯಾರೂ ಇರಲಿಲ್ಲ. ಸಿದ್ದಲಿಂಗ ಕೊಪ್ಪಳದ ಕಡೆಯವನು. ಹಳಿಯಾಳದ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾಗಿ ಬಂದು ಆರು ತಿಂಗಳಾಗಿತ್ತು. ಮುಚ್ಚಿಹೋದ ಒಂದು ಕಟ್ಟಿಗೆ ಅಡ್ಡೆಯಲ್ಲಿ ಬಳ್ಳಿ ಹಬ್ಬಿ ನಿಂತಿದ್ದ ಅರುವತ್ತರ ದಶಕದ ಫಿಯೆಟ್ ಕಾರನ್ನು ಕಂಡು ಮರುಳಾಗಿ ಕೊಂಡುಕೊಂಡಿದ್ದ. ಪೀರಸಾಬ ನಾಲ್ಕು ತಿಂಗಳು ದುಡಿದು ಎಂಜಿನ್ನು ಎಬ್ಬಿಸಿದ್ದ, ತುಕ್ಕು ಕೆರೆದು ಹಾಲಿನ ಬಣ್ಣ ಹೊಡೆದಿದ್ದ. ಉಳಿದದ್ದು ಎರಡೇ ಕೆಲಸ: ಬಾಗಿಲಿಗೆ ಕನ್ನಡಿ, ನೆಲಕ್ಕೆ ಸದ್ದು ತಡೆಯುವ ಹೊದಿಕೆ.

"ಕನ್ನಡಿ ಇಲ್ದ ಹೆಂಗ ಓಡಸೂದು ಚಾಚಾ? ಹಿಂದ ಬರೂದು ಕಾಣಬ್ಯಾಡೇನು?"

"ಕಾಣಬಾರದಂತನ ಹೇಳಾಕತ್ತೇನಿ."

ಪೀರಸಾಬ ಬಾಗಿಲ ಮೇಲಿನ ಎರಡು ಕಪ್ಪು ಬೊಟ್ಟುಗಳನ್ನು ತೋರಿಸಿದ. ಕನ್ನಡಿಯ ಬೋಲ್ಟು ಕೂರುವ ತೂತುಗಳಿಗೆ ಯಾರೋ ಸೀಸ ಕರಗಿಸಿ ಹೊಯ್ದಿದ್ದರು. "ನಮ್ಮ ಅಬ್ಬಾ ಮುಚ್ಚಿದ್ದು ಇದು. ಆಗಿನ ಯಜಮಾನ ಕಟ್ಟಿಗಿ ಗುತ್ತಿಗೆದಾರ. ಕಟ್ಟಿಕೊಂಡ ಹೇಣ್ತಿ ಮಾಲವ್ವನ್ನ ಬಿಟ್ಟು, ಇನ್ನೊಬ್ಬಾಕಿನ್ನ ಬಾಜೂಕ ಕುಂಡ್ರಿಸಿಕೊಂಡು ಹೊಂಟ. ಮಾಲವ್ವ ಗಾಡಿ ಹಿಂದ ಓಡಿದ್ಲು. ಅಂವ ಕನ್ನಡ್ಯಾಗ ನೋಡಕೋತನ ಓಡಿಸಿದ. ದಾರ್ಯಾಗ ಎದಿ ಒಡದು ಸತ್ಲು ಆಕಿ. ಆಮ್ಯಾಲೆ ಆಕಿ ಅವ್ವ ನೀಲಕ್ಕ ಈ ಗಾಡೀಗೆ ಮಾಟ ಮಾಡಿಸಿದ್ಲು."

"ಏನಂತ?"

"ಅದನ್ನ ಬಾಯಿಲೆ ಆಡಬಾರದ್ರಿ." ಮುದುಕ ಕಣ್ಣು ಬೇರೆ ಕಡೆ ತಿರುಗಿಸಿದ.

ಸಿದ್ದಲಿಂಗ ಊರೂರು ತಿರುಗಿ, ನಿಂಬೆಹಣ್ಣಿನಿಂದ ರಕ್ತ ಬರಿಸುವ ಮಂತ್ರವಾದಿಗಳ ಗುಟ್ಟು ಬಯಲು ಮಾಡಿದವನು. "ನಾನ ಹಚ್ಚಿಕೋತೇನಿ ಬಿಡ್ರಿ," ಎಂದು ಗಾಡಿಯನ್ನು ಹಳಿಯಾಳಕ್ಕೆ ತಂದ.

ಭಾನುವಾರ ಮುಂಜಾನೆ ಮನೆಯಂಗಳದಲ್ಲಿ ಸೀಟುಗಳನ್ನು ಬಿಚ್ಚಿಟ್ಟು ಕೆಲಸಕ್ಕೆ ಕುಳಿತ. ನೆಲಕ್ಕೆ ಅಂಟಿದ್ದ ಹಳೆಯ ಗೋಣಿನಾರಿನ ಹೊದಿಕೆಯನ್ನು ಉಳಿಯಿಂದ ಎಬ್ಬಿಸಿದಾಗ ಇಲಿ ಸತ್ತಂಥ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಗೇರ್‌ಬಾಕ್ಸಿನ ಉಬ್ಬಿನ ಮೇಲೆ, ಹೊದಿಕೆಯ ಎರಡು ಪದರಗಳ ನಡುವೆ, ಮೊಳದುದ್ದದ ಹೆಂಗಸಿನ ಜಡೆ ಹಾವಿನಂತೆ ಸುತ್ತಿಕೊಂಡಿತ್ತು. ಅದರ ಗಂಟುಗಂಟಿಗೂ ಒಡೆದ ಹಸಿರು ಬಳೆಯ ಚೂರು. ಬುಡಕ್ಕೆ ಕಬ್ಬಿಣದ ಮೊಳೆ. ಇಷ್ಟು ವರ್ಷಗಳಾದರೂ ಕೂದಲು ನಿನ್ನೆ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು.

ಚಹಾ ತಂದ ಹೆಂಡತಿ ಉಮಾಶ್ರೀ ಅಲ್ಲೇ ನಿಂತಳು. "ಅದನ್ನ ಮುಟ್ಟಬ್ಯಾಡ್ರೀ. ಪೀರಸಾಬ ಚಾಚಾನ್ನ ಕರೀರಿ."

"ಕೂದಲ ಅಂದ್ರ ಬರೇ ಸತ್ತ ಜೀವಕೋಶ, ಉಮಾ," ಎಂದವನೇ ಅದನ್ನು ನೀರೊಲೆಗೆ ಎಸೆದ. ಚುಟುಚುಟು ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಸುಟ್ಟ ಕೂದಲಿನ ಕಮಟು ಮೂರು ದಿನ ಮನೆ ಬಿಡಲಿಲ್ಲ. ಉಮಾಶ್ರೀ ಉಂಡದ್ದೆಲ್ಲ ಕಾರಿಕೊಂಡಳು.

ಅವನು ಮಾತ್ರ ಹುರುಪಿನಿಂದ ನೆಲಕ್ಕೆ, ಬಾಗಿಲುಗಳ ಒಳಮೈಗೆ, ಎಂಜಿನ್ ಕಡೆಯ ತಗಡಿಗೆ ಡಾಂಬರಿನ ಹಾಳೆಗಳನ್ನು ಬಿಸಿ ಮಾಡಿ ಅಂಟಿಸಿದ. ಮೇಲೆ ದಪ್ಪ ಫೋಮು ಹಾಸಿದ. ಬಾಗಿಲಂಚಿಗೆ ಹೊಸ ರಬ್ಬರು ಕೂರಿಸಿದ. ಕೊನೆಗೆ ಸೀಸವನ್ನು ಕೊರೆದು ತೆಗೆದ. ತೂತಿನಿಂದ ಕಪ್ಪು ನೀರು ಒಂದೆಳೆ ಇಳಿದು ಬಾಗಿಲ ಮೇಲೆ ಗೀರು ಬಿಟ್ಟಿತು. ಒರೆಸಿದ. ಎರಡು ದುಂಡು ಕನ್ನಡಿಗಳು ಬೆಳ್ಳಿಯಂತೆ ಹೊಳೆಯುತ್ತ ಕುಳಿತವು.

ಮರುದಿನ ಸಂಜೆ ಒಬ್ಬನೇ ಸಾಂಬ್ರಾಣಿ ಊರಿನ ಕಡೆ ಹೊರಟ. ಒಳಗೆ ಎಂಥ ನಿಶ್ಶಬ್ದ! ಎಂಜಿನ್ನಿನ ಗುಡುಗು ಬೆಕ್ಕಿನ ಗುರುಗುಟ್ಟುವಿಕೆಯಾಗಿತ್ತು. ಹೊರಗಿನ ಲೋಕವೇ ಇಲ್ಲವೇನೋ ಅನ್ನಿಸಿತು. ಆಗ ಬಲಗನ್ನಡಿಯಲ್ಲಿ ಕಂಡಳು. ದೂರದಲ್ಲಿ, ರಸ್ತೆಯ ನಟ್ಟನಡುವೆ, ಕೈ ಮೇಲೆತ್ತಿ ಓಡಿ ಬರುತ್ತಿದ್ದ ಹೆಂಗಸು. ಬ್ರೇಕು ಒತ್ತಿ ಇಳಿದು ನೋಡಿದ. ಕಬ್ಬಿನ ಗದ್ದೆ, ಬರಿದಾದ ರಸ್ತೆ. ಮತ್ತೆ ಹತ್ತಿ ಹೊರಟಾಗ ಕನ್ನಡಿಯಲ್ಲಿ ಅವಳು ಮೊದಲಿಗಿಂತ ಹತ್ತಿರವಿದ್ದಳು. ಬಿಚ್ಚಿದ ತಲೆ. ತೆರೆದ ಬಾಯಿ.

ಗಾಡಿ ತೆಗೆದಾಗಲೆಲ್ಲ ಅವಳು ಬಂದಳು. ನಿಲ್ಲಿಸಿದಷ್ಟೂ ಹತ್ತಿರವಾದಳು. ನಿಲ್ಲಿಸದೆ ಜೋರಾಗಿ ಓಡಿಸಿದರೆ ಹಿಂದೆ ಉಳಿಯುತ್ತಿದ್ದಳು. ಅವನು ಅದನ್ನೇ ರೂಢಿ ಮಾಡಿಕೊಂಡ. ಕಂಡರೆ ನಿಲ್ಲಿಸಬಾರದು. ಕಣ್ಣಿನ ಭ್ರಮೆ ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿಗೆ ಏನೂ ಹೇಳಲಿಲ್ಲ. ಆದರೆ ಒಂದು ದಿನ ಆ ಮುಖದ ಹಲ್ಲುಗಳನ್ನು ಎಣಿಸುವಷ್ಟು ಹತ್ತಿರ ಕಂಡಾಗ ಅವನ ಧೈರ್ಯ ಸೋತಿತು. ಮನೆಯಲ್ಲೇ ಕನ್ನಡಿ ಬಿಚ್ಚಲು ಪಾನಾ ಹಿಡಿದ. ಬೋಲ್ಟು ಕದಲಲಿಲ್ಲ. ಸುತ್ತಿಗೆಯಿಂದ ಹೊಡೆದ. ಗಾಜಿಗೆ ಗೀರೂ ಬೀಳಲಿಲ್ಲ.

"ದಾಂಡೇಲಿಗೆ ಹೋಗಿ ಚಾಚಾನ ಕೈಲೆ ಇವನ್ನ ಕಿತ್ತಿಸಿಕೊಂಡು ಬರೂಣು," ಎಂದ. ಗಂಡನ ಮುಖ ನೋಡಿ ಉಮಾಶ್ರೀ ತಾನೂ ಬರುತ್ತೇನೆಂದು ಹಟ ಹಿಡಿದಳು.

ಮಧ್ಯಾಹ್ನವೇ ಹೊರಟರೂ ಕಾಡಿನ ದಾರಿಯಲ್ಲಿ ಮೋಡ ಕವಿದು ಕತ್ತಲಾಗಿತ್ತು. ಬಿದಿರ ಮೆಳೆಗಳು ರಸ್ತೆಯ ಮೇಲೆ ಬಾಗಿದ್ದವು. ಒಂದು ತಿರುವು ದಾಟಿದಾಗ ಉಮಾಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಲ್ಲಸ್ರೀ. ವಾಂತಿ ಬರಾಕತ್ತೇತಿ."

ಮೊಬೈಲನ್ನು ಸೀಟಿನ ಮೇಲೆ ಬಿಟ್ಟು, ನೀರಿನ ಬಾಟಲಿ ಹಿಡಿದು ಗಾಡಿಯ ಹಿಂದಕ್ಕೆ ಹೋದಳು. ಅವನು ಎಂಜಿನ್ನು ಆರಿಸಲಿಲ್ಲ. ಕನ್ನಡಿಯತ್ತ ನೋಡಬಾರದೆಂದು ಸ್ಟೇರಿಂಗಿನ ಮೇಲೆ ಕಣ್ಣು ನೆಟ್ಟು ಕೂತ.

ಎಡಬಾಗಿಲು ತೆರೆಯಿತು. ಮುಚ್ಚಿತು. ಪಕ್ಕದ ಸೀಟು ಕುಸಿಯಿತು. ಬಾಗಿದ ಕಣ್ಣಿಗೆ ಉಮಾಶ್ರೀಯ ಹಸಿರು ಸೀರೆಯ ಅಂಚು ಕಂಡಿತು. ಬಳೆಗಳ ಕೈ ಕಂಡಿತು. ಅವಳು ಮುಡಿದಿದ್ದ ಅಬ್ಬಲಿಗೆಯೂ ಕಂಡಿತು.

"ಹೋಗೂಣು," ಎಂದಳು, ಮೆಲ್ಲಗೆ.

ಗೇರು ಹಾಕಿದ. ಗಾಡಿ ಹೊರಟಿತು. ತಡೆಯಲಾರದೆ ಕನ್ನಡಿ ನೋಡಿದ.

ಹಿಂದೆ ಅವಳು. ಓಡುತ್ತಿದ್ದಳು. ಕೈ ಎತ್ತಿದ್ದಳು. ಬಾಯಿ ತೆರೆದಿತ್ತು. ಒಳಗೆ ಸದ್ದೇ ಇಲ್ಲ. ಉಬ್ಬುಗನ್ನಡಿಯಲ್ಲಿ ಮುಖ ಬೆರಳುಗುರಿನಷ್ಟು.

ನಿಲ್ಲಿಸಬಾರದು. ನಿಲ್ಲಿಸಿದರೆ ಹತ್ತಿರ ಬರುತ್ತಾಳೆ.

ಆಕ್ಸಿಲರೇಟರ್ ಒತ್ತಿದ. ಇನ್ನೂ ಒತ್ತಿದ. ಅವಳು ಎಡವಿದಳು. ಎದ್ದಳು. ಮತ್ತೆ ಓಡಿದಳು. ಕೈಯಿಂದ ಏನೋ ಬಿತ್ತು. ತಿರುವು ಬಂತು. ಅವಳು ಮರೆಯಾದಳು. ಅವನು ಉಸಿರು ಬಿಟ್ಟ.

"ಹೋದ್ಲು, ಉಮಾ. ಇನ್ನ ಅಂಜಬ್ಯಾಡ."

ಕಾರಿನೊಳಗೆ ಸುಟ್ಟ ಕೂದಲಿನ ವಾಸನೆ ಏಳತೊಡಗಿತು. ಪಕ್ಕಕ್ಕೆ ತಿರುಗಿ ನೋಡಲು ಅವನ ಕತ್ತು ಒಪ್ಪಲಿಲ್ಲ.

ಗ್ಯಾರೇಜಿನ ಮುಂದೆ ಪೀರಸಾಬ ಎದ್ದು ಬಂದ. ಮೊದಲು ಕನ್ನಡಿ ನೋಡಿದ, ಆಮೇಲೆ ಒಳಗೆ ಬಗ್ಗಿದ.

"ಒಬ್ಬರ ಬಂದೀರೇನ್ರಿ ಸರ್?"

ಎಡಗಡೆಯ ಸೀಟು ಬರಿದಾಗಿತ್ತು. ಉಮಾಶ್ರೀಯ ಮೊಬೈಲೊಂದೇ ಅದರ ಮೇಲೆ ಬಿದ್ದಿತ್ತು.

"ಈ ಗಾಡಿ ಕನ್ನಡ್ಯಾಗ ಯಾಂವ ನೋಡ್ಲಿ, ತನ್ನ ಹೇಣ್ತಿನ್ನ ತಾನ ಹಿಂದ ಬಿಟ್ಟು ಓಡ್ಲಿ," ಎಂದು ಪೀರಸಾಬ ಹೇಳಿದ. "ನೀಲಕ್ಕ ಆಡಿದ ಮಾತು ಅದ."

ಮುದುಕನ ಜೀಪಿನಲ್ಲಿ ಇಬ್ಬರೂ ಮರಳಿ ಧಾವಿಸಿದರು. ತಿರುವಿನಲ್ಲಿ ಕಬ್ಬಿನ ಲಾರಿ ಅಡ್ಡ ನಿಂತಿತ್ತು, ಜನ ನೆರೆದಿತ್ತು. ನಟ್ಟನಡುವೆ ಹುಚ್ಚಿಯಂತೆ ಓಡಿ ಬಂದಳು, ಬ್ರೇಕು ಹಿಡಿಯುವಷ್ಟರಲ್ಲಿ ಆಗಿಹೋಯಿತು ಎಂದು ಚಾಲಕ ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಅವಳಿಗೆ ಒಂದು ಗಳಿಗೆ ಎಚ್ಚರವಾಯಿತು. ಮುಂಡಗೋಡ ತಾಲೂಕಿನ ಪಾಳಾದಿಂದ ಓಡೋಡಿ ಬಂದಿದ್ದ ತಾಯಿ ಶಿವವ್ವ ಮಗಳ ಕೈ ಹಿಡಿದಿದ್ದಳು. ಉಮಾಶ್ರೀ ಗಂಡನನ್ನು ಮಾತ್ರ ನೋಡಿದಳು.

"ಎಷ್ಟ್ ಕೂಗಿದ್ನಿ... ಕೇಳ್ಸಲಿಲ್ಲೇನ್ರೀ?"

"ಇಲ್ಲ ಉಮಾ, ದೇವರಾಣೆ—"

"ನಿಮ್ಮ ಬಾಜೂಕ ಕೂತಾಕಿ ಯಾರು?"

ಅವನು ಬಾಯಿ ತೆರೆದ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಮುಖ ಮತ್ತೆ ಇತ್ತ ಹೊರಳಲಿಲ್ಲ.

ಪಾಳಾದ ಹೊಲದಲ್ಲಿ ಸಮಾಧಿ ಮಾಡಿದರು. ವಿಭೂತಿ, ಪತ್ರಿ ಹಾಕಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟರು. ಸಿದ್ದಲಿಂಗ ಬಗ್ಗಿ ಮಣ್ಣಿಗೆ ಕೈ ಹಾಕಿದಾಗ ಶಿವವ್ವ ಅವನ ಮಣಿಕಟ್ಟು ಹಿಡಿದಳು.

"ನೀ ಕೊಡಬ್ಯಾಡ," ಎಂದಳು. "ಆಕಿ ಕೇಳಿದ್ದಕ್ಕ ಮೊದಲ ಉತ್ತರ ಕೊಡು."

ಅವನು ಖಾಲಿ ಕೈಯಲ್ಲಿ ಕುಣಿಯ ಅಂಚಿಗೆ ನಿಂತೇ ಇದ್ದ. ಉಳಿದವರು ಮಣ್ಣು ಎಳೆದು ಮುಚ್ಚಿದರು.