ಹಳ್ಳದ ದಂಡೆಯ ಕಲ್ಲುಗೊಡಲಿ

ಸಂಜೆಯೊಳಗೆ ಕಲ್ಲಿನ ಕೊಡಲಿಯೊಂದನ್ನು ಮಾಡಬೇಕು. ಅದರಿಂದಲೇ ಜಾಲಿಯ ಟೊಂಗೆ ಕಡಿಯಬೇಕು. ಕೊಡಲಿ, ಟೊಂಗೆ ಎರಡನ್ನೂ ಹಿಡಿದುಕೊಂಡು ಜೇವರ್ಗಿಗೆ ಮರಳಬೇಕು. ಕಬ್ಬಿಣ ಮುಟ್ಟುವಂತಿಲ್ಲ. ಇದು ಫರಹತಳ ಅಪ್ಪಣೆ.

ಫರಹತ ಜೇವರ್ಗಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಶಿಲಾಯುಗದ ಪಾಠ ಮಾಡುವಾಗ, ನಾನೇ ಒಂದು ಕೊಡಲಿ ಮಾಡಿ ತರುತ್ತೇನೆ ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಕ್ಕರು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳು, ನಕ್ಕರೆ ಕೇಳಬೇಕೆ? ಭಾನುವಾರ ಬೆಳಿಗ್ಗೆ ಕಾಲೇಜು ದಿನಗಳ ಗೆಳೆಯರಿಬ್ಬರನ್ನೂ ಫೋನು ಮಾಡಿ ಹಾಸಿಗೆಯಿಂದ ಎಬ್ಬಿಸಿ ಹೊರಡಿಸಿದಳು. ಒಬ್ಬನ ಹೆಸರು ಶ್ರೀಮಂತ, ಅಫಜಲಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಇದ್ದ ವಸ್ತು ಇದ್ದಲ್ಲೇ ಇರಬೇಕು ಎನ್ನುವ ಮನುಷ್ಯ. ಇನ್ನೊಬ್ಬ ಹವಳಗಾದ ಅಬ್ರಾರ. ಮೊಬೈಲ್ ರಿಪೇರಿ ಮಾಡುತ್ತಾನೆ, ಆದರೆ ಒಂದು ಕಡೆ ಕೂತವನಲ್ಲ.

ಸೊನ್ನ ಊರಿನ ಕೆಳಗೆ ಪರಿಚಯದ ರೈತ ಮಲ್ಕಪ್ಪನ ಹೊಲದಲ್ಲಿ ಬೈಕು ನಿಲ್ಲಿಸಿದರು. ಶ್ರೀಮಂತನ ಚೀಲದಲ್ಲಿದ್ದ ಚಾಕು, ಅಬ್ರಾರ ತಂದಿದ್ದ ಕುಡಗೋಲು ಎರಡನ್ನೂ ಫರಹತ ಕಿತ್ತುಕೊಂಡು ಮಲ್ಕಪ್ಪನ ಕೈಗೆ ಕೊಟ್ಟಳು.

"ತಂಗಿ, ಮ್ಯಾಲಿನ ಕಡಿ ಮಳಿ ಮಾಡ ಕಟ್ಯಾವ. ಹಳ್ಳದಾಗ ಇಳಿಬ್ಯಾಡ್ರಿ" ಎಂದ ಮಲ್ಕಪ್ಪ.

"ದಂಡಿ ಮ್ಯಾಲೇ ಇರ್ತೇವ್ರಿ ಕಾಕಾ" ಎಂದಳು ಫರಹತ. ಅಬ್ರಾರನ ಕಡೆ ತಿರುಗಿ, "ಕೇಳಿದೇನು?" ಎಂದಳು. ಅವನು ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಏನು ಖರ್ಚು?

ಹೊಲ ದಾಟಿದರೆ ಜಾಲಿಯ ಕಾಡು. ಮುಂಗಾರಿನ ಮೊದಲ ಮಳೆ ಬಿದ್ದು ಎರೆಮಣ್ಣಿನ ಬಿರುಕುಗಳು ಆಗಷ್ಟೇ ಬಾಯಿ ಮುಚ್ಚುತ್ತಿದ್ದವು. ಹೆಜ್ಜೆ ಇಟ್ಟಲ್ಲೆಲ್ಲ ಚಪ್ಪಲಿಗೆ ಮಣ್ಣು ಮೆತ್ತಿ ಕಾಲು ಭಾರವಾಗುತ್ತಿತ್ತು. ಕಾಡಿನ ನಡುವೆ ಹಳ್ಳ ಆಳಕ್ಕೆ ಕೊರೆದುಕೊಂಡು ಭೀಮೆಯ ಕಡೆ ಹರಿಯುತ್ತದೆ. ಅದರ ಗೋಡೆಯಲ್ಲಿ ಹಾಸುಗಲ್ಲು ಪದರ ಪದರವಾಗಿ ಕಾಣುತ್ತದೆ, ಪದರಗಳ ಸಂದಿಯಲ್ಲಿ ಕಪ್ಪು ಕಂದು ಬಣ್ಣದ ಚಕಮಕಿ ಕಲ್ಲಿನ ಗಡ್ಡೆಗಳಿವೆ. ನೋಡಲು ಚೆಂದದ ಜಾಗ. ಆದರೆ ಹಳ್ಳದ ಒಡಲನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾರೋ ಹಾಳಾದವರು ಮರಳಿಗಾಗಿ ಯಂತ್ರ ಇಳಿಸಿ ಬಗೆದು ಬಗೆದು ಆಳುದ್ದದ ಗುಂಡಿಗಳನ್ನು ಮಾಡಿದ್ದರು. ಹರಿದ ಟೈರು, ಮುರಿದ ಪೈಪು, ನೈಲಾನ್ ಹಗ್ಗ ಎಲ್ಲವನ್ನೂ ಅಲ್ಲೇ ಬಿಟ್ಟು ಹೋಗಿದ್ದರು. ಮೇಲೆ ಕೆಸರು ನೀರು ನಿಂತು ಗುಂಡಿ ಯಾವುದು, ನೆಲ ಯಾವುದು ತಿಳಿಯುತ್ತಿರಲಿಲ್ಲ.

ಮೂವರೂ ಗಡ್ಡೆಗಳನ್ನು ಕಿತ್ತು ತಂದು ದಂಡೆಯ ಜಾಲಿಯ ನೆರಳಲ್ಲಿ ಕೂತರು. ಕಲ್ಲು ಒಡೆಯುವುದೆಂದರೆ ತೆಂಗಿನಕಾಯಿ ಒಡೆದಂತಲ್ಲ. ಉರುಟು ಗುಂಡುಗಲ್ಲಿನಿಂದ ಅಂಚಿಗೆ ಓರೆಯಾಗಿ ಹೊಡೆಯಬೇಕು. ಸರಿಯಾಗಿ ಬಿದ್ದರೆ ಚಕ್ಕೆಯೊಂದು ಟಣ್ಣೆಂದು ಹಾರುತ್ತದೆ. ತಪ್ಪಿದರೆ ಬೆರಳು ಜಜ್ಜುತ್ತದೆ. ಅಬ್ರಾರ ಬೆರಳು ಜಜ್ಜಿಕೊಂಡು ಕೈಬಿಟ್ಟ. ಶ್ರೀಮಂತನ ಕಲ್ಲು ನಡುವೆ ಸೀಳಿತು. ಫರಹತಳ ಕಲ್ಲುಗಳೂ ಒಂದರ ಹಿಂದೊಂದು ಮುರಿದವು. ಅವಳು ಕಲ್ಲಿಗೂ ಬೈದಳು, ಗೆಳೆಯರಿಗೂ ಬೈದಳು, ಹಲ್ಲು ಕಚ್ಚಿ ಮತ್ತೆ ಕೂತಳು.

ಮಧ್ಯಾಹ್ನದ ಹೊತ್ತಿಗೆ ಅವಳ ಅಂಗೈ ತುಂಬ ಒಂದು ಕೊಡಲಿ ಸಿದ್ಧವಾಗಿತ್ತು. ಕೆಳಗೆ ದಪ್ಪ, ಮೇಲೆ ಚೂಪು, ಎರಡೂ ಬದಿ ಸಮನಾದ ಅಂಚು. ಟೊಂಗೆಗೆ ನಾಲ್ಕೇಟು ಹಾಕಿ ನೋಡಿದಳು. ತೊಗಟೆ ಹರಿದು ಬಿಳಿ ಕಟ್ಟಿಗೆ ಕಂಡಿತು.

"ಈಗ ನಗ್ರಿ ನೋಡೋಣ" ಎಂದಳು, ಅಲ್ಲಿಲ್ಲದ ಮಾಸ್ತರುಗಳಿಗೆ.

ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಉಂಡರು. ಉಂಡ ಮೇಲೆ ಶ್ರೀಮಂತ ಎದ್ದು ಕೂತ ಜಾಗ ಸ್ವಚ್ಛ ಮಾಡತೊಡಗಿದ. ಹೊಲದಲ್ಲಿ ಉಂಡೆದ್ದರೆ ಮುಳ್ಳು, ಗಾಜು, ಚೂಪಾದದ್ದು ಏನಿದ್ದರೂ ಆರಿಸಿ ನೀರಿಗೆ ಹಾಕಿಯೇ ಹೋಗಬೇಕು ಎಂದು ಅವನ ತಾಯಿ ಶಾರದಾಬಾಯಿ ಕಲಿಸಿದ್ದು. ಕೊಡಲಿಯನ್ನು ಹುಷಾರಾಗಿ ಬದಿಗಿಟ್ಟು, ಉದುರಿದ್ದ ಚಕ್ಕೆ, ಮುರಿದ ಕಲ್ಲು ಎಲ್ಲವನ್ನೂ ಟವೆಲ್ಲಿಗೆ ಬಳಿದುಕೊಂಡು ಹೋಗಿ ಬಂದ.

ಅಷ್ಟರಲ್ಲಿ ಅಬ್ರಾರ ಕೈ ತೊಳೆಯಲು ಹಳ್ಳಕ್ಕೆ ಇಳಿದಿದ್ದ.

"ಫರಹತ್" ಎಂದು ಕೂಗು ಕೇಳಿತು. "ಕಾಲು ಸಿಕ್ಯಾದ. ಬರವಲ್ದು."

ಇಬ್ಬರೂ ಓಡಿದರು. ಅಬ್ರಾರ ಗುಂಡಿಯ ಅಂಚಿನಲ್ಲಿ ಸೊಂಟದವರೆಗೆ ಕೆಸರಿನಲ್ಲಿ ನಿಂತಿದ್ದ.

"ದಂಡಿ ಮ್ಯಾಲ ಇರು ಅಂದಿಲ್ಲೇನಲೇ ನಿನಗ?"

"ಆಮ್ಯಾಲ ಬೈಯಿ. ಮೊದಲ ಎಳಿ."

ಎಳೆದರು. ಅವನು ಚೀರಿದ. ಫರಹತ ಕೆಸರಿಗಿಳಿದು ಕೈಯಾಡಿಸಿದಳು. ನೈಲಾನ್ ಹಗ್ಗ ಪಾದದ ಗಂಟಿಗೆ ಸುತ್ತಿಕೊಂಡು ಬಿಗಿದಿತ್ತು. ಅದರ ಇನ್ನೊಂದು ತುದಿ ಆಳದಲ್ಲಿ ಹೂತ ಯಾವುದೋ ಕಬ್ಬಿಣಕ್ಕೆ ಕಟ್ಟಿತ್ತು. ಎಳೆದಷ್ಟೂ ಬಿಗಿಯುತ್ತಿತ್ತು, ಬಿಚ್ಚಲು ಉಗುರೂ ಒಳಗೆ ಹೋಗುತ್ತಿರಲಿಲ್ಲ.

ಆಗ ಹಳ್ಳದ ತಿರುವಿನಲ್ಲಿ ಸದ್ದು ಕೇಳಿತು. ಕೆಂಪು ನೀರು ಕಸಕಡ್ಡಿ ನೂಕಿಕೊಂಡು ಬರುತ್ತಿತ್ತು. ಮೇಲೆ ಎಲ್ಲೋ ಮಳೆ ಹೊಡೆದಿತ್ತು.

"ನಾ ಹೋಗಿ ಚಾಕು ತರ್ತೇನಿ" ಎಂದ ಶ್ರೀಮಂತ.

"ನೀ ಬರೂದ್ರಾಗ ಮುಳಗ್ತಾನ. ಇವನ್ನ ಹಿಡಿ. ಕೊಡ್ಲಿ ತರ್ತೇನಿ."

ಶ್ರೀಮಂತ ಅಬ್ರಾರನ ಕಂಕುಳಿಗೆ ಕೈ ಹಾಕಿ ಹಿಡಿದ. ಫರಹತ ಕೊಡಲಿ ತಂದು ಹಗ್ಗಕ್ಕೆ ಉಜ್ಜಿದಳು. ಕೊಡಲಿ ಕಟ್ಟಿಗೆಗೆ ಸರಿ, ಹಗ್ಗಕ್ಕೆ ಅದರ ಅಂಚು ದಪ್ಪ. ಹಗ್ಗ ನಾರು ನಾರಾಯಿತೇ ಹೊರತು ತುಂಡಾಗಲಿಲ್ಲ.

ನೀರು ಅಬ್ರಾರನ ಎದೆಗೆ ಬಂತು.

"ಚಕ್ಕಿ ಬೇಕು. ತೆಳ್ಳಂದು. ಎಲ್ಲಿಟ್ಟಿ?"

ಶ್ರೀಮಂತನ ಮುಖ ಬಿಳಿಚಿತು. "ಹಳ್ಳಕ್ಕ ಒಗದೇನಿ."

"ಎಲ್ಲಾ?"

"ದನಾ ಕಾಯೋರ ಕಾಲಿಗಿ ನಟ್ಟೀತು ಅಂತ..."

ಫರಹತಳಿಗೆ ಎಂಥ ಸಿಟ್ಟು ಬಂತೆಂದರೆ ಒಂದು ಕ್ಷಣ ಕಣ್ಣು ಕತ್ತಲಾಯಿತು. ಗುಂಡಿ ತೋಡಿದವರ ಮೇಲೆ ಸಿಟ್ಟು, ಹಗ್ಗ ಬಿಟ್ಟವರ ಮೇಲೆ ಸಿಟ್ಟು, ಮಾತು ಕೇಳದ ಅಬ್ರಾರನ ಮೇಲೆ, ಕಸ ಬಳಿದ ಶ್ರೀಮಂತನ ಮೇಲೆ, ಇದ್ದ ಚಾಕು ಕೊಟ್ಟುಬಂದ ತನ್ನ ಮೇಲೆ ಎಲ್ಲರಿಗಿಂತ ಹೆಚ್ಚು. ಗಡ್ಡೆ ಕಿತ್ತು ತಂದಿದ್ದ ಗೋಡೆ ಆಗಲೇ ನೀರಿನಡಿ ಹೋಗಿತ್ತು. ಉಳಿದ ಒಳ್ಳೆಯ ಕಲ್ಲು ಒಂದೇ, ಅವಳ ಕೈಯಲ್ಲಿದ್ದದ್ದು.

ದಂಡೆಗೆ ಹತ್ತಿ ಗುಂಡುಗಲ್ಲು ಎತ್ತಿಕೊಂಡಳು.

"ಕೊಡ್ಲಿ ಒಡೀಬ್ಯಾಡ ಬೇ" ಎಂದ ಅಬ್ರಾರ, ಗಂಟಲವರೆಗೆ ನೀರಿನಲ್ಲಿ ನಿಂತು. "ಶಾಲ್ಯಾಗ ನಗ್ತಾರ."

"ಬಾಯಿ ಮುಚ್ಚು."

ಹೊಡೆದಳು. ಚೂಪು ತುದಿ ಮುರಿದು ಪುಡಿಯಾಯಿತು, ಚಕ್ಕೆ ಬರಲಿಲ್ಲ. ಸಿಟ್ಟಿನಲ್ಲಿ ಹೊಡೆದರೆ ಕಲ್ಲು ಹೀಗೇ ಮಾಡುತ್ತದೆ, ಬೆಳಗಿನಿಂದ ನೋಡಿದ್ದಳಲ್ಲ. ಉಸಿರು ಬಿಗಿಹಿಡಿದಳು. ಅಂಚನ್ನು ಓರೆ ಮಾಡಿದಳು. ಗುಂಡುಗಲ್ಲನ್ನು ಬಲವಿಲ್ಲದೆ, ಅದರ ಭಾರದಿಂದಲೇ ಬೀಳಬಿಟ್ಟಳು.

ಟಣ್.

ಬೆರಳುದ್ದದ ಚಕ್ಕೆ ಹಾರಿ ಅಂಗೈ ಸೀಳಿತು. ರಕ್ತ ಒರೆಸಲೂ ನಿಲ್ಲದೆ ಚಕ್ಕೆ ಹಿಡಿದು ನೀರಿಗೆ ಧುಮುಕಿದಳು. ಕಣ್ಣಿಗೆ ಏನೂ ಕಾಣಲಿಲ್ಲ. ಅಬ್ರಾರನ ಕಾಲು ತಡವಿ, ಹಗ್ಗ ಹುಡುಕಿ, ಕೊಯ್ದಳು. ಒಂದೊಂದೇ ಎಳೆ ಪಟಪಟ ಹರಿಯತೊಡಗಿತು. ಉಸಿರಿಗಾಗಿ ಮೇಲೆ ಬಂದಳು. ಅಬ್ರಾರ ಗದ್ದ ಮೇಲೆತ್ತಿ ಆಕಾಶ ನೋಡುತ್ತಿದ್ದ, ತುಟಿ ಅಲುಗುತ್ತಿತ್ತು. ಶ್ರೀಮಂತ ಕಣ್ಣೀರು ಸುರಿಸುತ್ತಲೇ ಅವನನ್ನು ಹಿಡಿದಿದ್ದ. ಮತ್ತೆ ಮುಳುಗಿದಳು.

ಹಗ್ಗ ಹರಿಯಿತು.

ಮೂವರೂ ಒಬ್ಬರನ್ನೊಬ್ಬರು ಎಳೆದುಕೊಂಡು ದಂಡೆಗೆ ಬಿದ್ದರು. ಹಿಂದೆ ಗುಂಡಿಯೂ ಕಾಣಲಿಲ್ಲ, ಹಳ್ಳದ ಆಚೆ ದಡವೂ ಕಾಣಲಿಲ್ಲ. ಫರಹತ ಎದ್ದು ಕೂತು ಮೊದಲು ಮಾಡಿದ ಕೆಲಸ ಅಬ್ರಾರನ ಕೆನ್ನೆಗೆ ಬಾರಿಸಿದ್ದು.

ಟವೆಲ್ ಹರಿದು ಅವನ ಕಾಲಿಗೂ ಅವಳ ಕೈಗೂ ಕಟ್ಟಿದರು. ಅಷ್ಟರಲ್ಲಿ ಇಲ್ಲೂ ಮಳೆ ಶುರುವಾಗಿ ಎರೆಮಣ್ಣು ಅಂಟಾಗಿತ್ತು. ಅವನನ್ನು ಇಬ್ಬರೂ ಹೆಗಲ ಮೇಲೆ ಹೇರಿಕೊಂಡು, ಜಾರುತ್ತ ಏಳುತ್ತ ಮಲ್ಕಪ್ಪನ ಹೊಲ ಸೇರಿದರು. ಮಣ್ಣು ಸಿಕ್ಕು ಬೈಕಿನ ಗಾಲಿಗಳು ತಿರುಗಲಿಲ್ಲ. ಮಲ್ಕಪ್ಪನೇ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಡಾಂಬರು ರಸ್ತೆ ಮುಟ್ಟಿಸಿದ. ದಾರಿಯುದ್ದಕ್ಕೂ ಫರಹತ ಬೈಯುತ್ತಲೇ ಬಂದಳು. ಶ್ರೀಮಂತ, "ತಪ್ಪಾತು" ಎಂದಾಗೆಲ್ಲ ಮತ್ತಷ್ಟು ಬೈದಳು.

ಹವಳಗಾದಲ್ಲಿ ಮನೆ ಬಾಗಿಲಿಗೆ ಬಂದ ಹಮೀದಾಬೇಗಂ ಮಗನ ಕಾಲು ನೋಡಿದಳು. ಏನೂ ಆಗಿಲ್ಲ, ಜಾರಿ ಬಿದ್ದೆ ಎನ್ನಲು ಅಬ್ರಾರ ಬಾಯಿ ತೆರೆದ. ಫರಹತ ಬಿಡಲಿಲ್ಲ.

"ಸುಳ್ಳು ಖಾಲಾ. ಮುಳುಗಿದ್ದ. ಇನ್ನೊಂದು ಗೇಣು ನೀರು ಬಂದಿದ್ರ ನಿಮ್ಮ ಮಗ ಇರ್ತಿದ್ದಿಲ್ಲ." ನಡೆದದ್ದೆಲ್ಲ ಹೇಳಿ ಒದ್ದೆ ದುಪಟ್ಟಾದ ಗಂಟು ಬಿಚ್ಚಿ ಚಕ್ಕೆ ತೋರಿಸಿದಳು.

ಹಮೀದಾಬೇಗಂ ಅದನ್ನು ಅಂಗೈಯಲ್ಲಿಟ್ಟುಕೊಂಡಳು. "ಇಷ್ಟೇನಾ?" ಎಂದಳು. ಕಟ್ಟೆಯ ಮೇಲೆ ಕೂತಳು. ಫರಹತಳ ಕಟ್ಟು ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ನೀನೇ ಇನ್ನಷ್ಟು ಬೈಯಿ ಬೇಟಿ" ಎಂದಳು. "ನನಗ ಬೈಲಾಕ ಬಾಯೇ ಬರವಲ್ದು."

ಫರಹತ ಬೈಯತೊಡಗಿದಳು. ಕಣ್ಣು ತುಂಬಿತು, ಆದರೂ ನಿಲ್ಲಿಸಲಿಲ್ಲ. ಅಬ್ರಾರ ತಾಯಿಯ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡ.